ಬಚ್ಚಲ ಅಟ್ಟದ ಸೈಕಲ್ಲು

ಮೂರು ವರ್ಷಗಳ ಹಿಂದೆ, ಮಳೆ ಜೋರಾಗಿರುವ ತುಳುವರ ಆಟಿ ತಿಂಗಳ ಒಂದು ರಾತ್ರಿ, ಉಡುಪಿಯ ಅಂಬಲಪಾಡಿಯಿಂದ ಕಿದಿಯೂರಿನ ಕಡೆಗೆ ಹೋಗುವ ದಾರಿಯಲ್ಲಿರುವ ನಮ್ಮ ಮನೆಯ ಶೆಡ್ಡಿನಿಂದ ಇಪ್ಪತ್ತೊಂದು ಗೇರಿನ ಸೈಕಲ್ಲು ಕಳವಾಯಿತು. ಹಂಚಿನ ಮೇಲೆ ಮಳೆ ಹೊಯ್ಯುತ್ತಿದ್ದುದರಿಂದ ನಮಗೆ ಯಾವ ಸದ್ದೂ ಕೇಳಿಸಲಿಲ್ಲ. ಬೆಳಿಗ್ಗೆ ಹಾಲಿಗೆಂದು ಹೊರಟಾಗ ಮೊದಲು ಕಣ್ಣಿಗೆ ಬಿದ್ದದ್ದು ಬೀಗ. ಅದು ಹಾಕಿದ ಹಾಗೆಯೇ ಇತ್ತು; ಆದರೆ ಚಿಲಕದ ಪಟ್ಟಿಯ ಸಮೇತ ಒಂದು ಪಕ್ಕಕ್ಕೆ ಜೋತುಬಿದ್ದಿತ್ತು. ಹೊಸ್ತಿಲ ಮೇಲೆ ನಾಲ್ಕು ಸ್ಕ್ರೂಗಳು ಸಾಲಾಗಿ ಬಿದ್ದಿದ್ದವು. ಒಂಬೈನೂರು ರೂಪಾಯಿ ಕೊಟ್ಟು ತಂದ ಬೀಗವನ್ನು ಮುಟ್ಟುವ ಅಗತ್ಯವೇ ಕಳ್ಳನಿಗೆ ಬಿದ್ದಿರಲಿಲ್ಲ. ಹೊರಗಿನಿಂದಲೇ ತಿರುಗಿಸಬಹುದಾದ ಆ ನಾಲ್ಕು ಸ್ಕ್ರೂಗಳು ಅವನಿಗೆ ಸಾಕಾಗಿದ್ದವು. ಪಕ್ಕದ ಮನೆಯ ಹಿರಿಯರು ಬಂದು ನೋಡಿ, ತುಳುವಿನಲ್ಲಿ, "ಬೀಗ ಉಂಡು, ಬಾಕಿಲ್ ಇಜ್ಜಿ" ಎಂದರು. ಬೀಗವಿದೆ, ಬಾಗಿಲೇ ಇಲ್ಲ ಎಂಬ ಆ ಮಾತು ಮುಂದಿನ ಎರಡು ವರ್ಷ ನನ್ನ ಕಿವಿಯಲ್ಲಿ ಉಳಿಯಿತು.

ದೂರು ಕೊಡಲು ಹೋದಾಗ ಇನ್ನೊಂದು ತಪ್ಪು ಗೊತ್ತಾಯಿತು. ಸೈಕಲ್ಲಿನ ಫ್ರೇಮ್ ಸಂಖ್ಯೆ ಏನೆಂದು ಕೇಳಿದರು. ಪೆಡಲುಗಳ ನಡುವಿನ ಅಚ್ಚು ಕೂರುವ ಕೊಳವೆಯ ಅಡಿಯಲ್ಲಿ ಆ ಸಂಖ್ಯೆಯನ್ನು ಕೊರೆದಿರುತ್ತಾರೆ ಎಂಬುದೇ ನನಗೆ ತಿಳಿದಿರಲಿಲ್ಲ. ಕಪ್ಪು ಬಣ್ಣ, ಕೆಂಪು ಗೆರೆ ಎಂದು ಹೇಳಿದೆ. ಬರೆದುಕೊಂಡವರು ತಲೆಯೆತ್ತಿ ನನ್ನನ್ನು ನೋಡಿದ ರೀತಿಯಲ್ಲೇ ಆ ಸೈಕಲ್ಲು ಮರಳಿ ಬರುವುದಿಲ್ಲವೆಂದು ಅರ್ಥವಾಯಿತು, ಬರಲೂ ಇಲ್ಲ.

ಹೊಸತನ್ನು ಕೊಳ್ಳುವ ಮನಸ್ಸಾಗಲಿಲ್ಲ. ಆಗ ನೆನಪಾದದ್ದು ತಂದೆಯವರ ಅಟ್ಲಾಸ್. ಅವರು ಓಡಿಸುವುದನ್ನು ಬಿಟ್ಟ ಮೇಲೆ ಅದನ್ನು ಬಿಚ್ಚಿ, ಫ್ರೇಮು, ಹ್ಯಾಂಡಲ್ಲು ಮತ್ತು ಚೈನ್ ಕವರನ್ನು ಬಚ್ಚಲು ಕೊಟ್ಟಿಗೆಯ ಅಟ್ಟಕ್ಕೆ ಏರಿಸಿದ್ದರು. ಅಲ್ಲಿ ಜಾಗ ಸಾಲದ್ದರಿಂದ ಗಾಲಿಗಳನ್ನು ಸೌದೆ ಕೊಟ್ಟಿಗೆಯ ಮೂಲೆಗೆ ಒರಗಿಸಿದ್ದರು. ಅದಾಗಿ ಇಪ್ಪತ್ತೆರಡು ವರ್ಷಗಳು ಕಳೆದಿದ್ದವು. ನಮ್ಮ ಮನೆಯಲ್ಲಿ ಈಗಲೂ ಸ್ನಾನದ ನೀರು ಕಾಯುವುದು ಹಂಡೆ ಒಲೆಯಲ್ಲಿ, ತೆಂಗಿನ ಮಡಲು ಮತ್ತು ಸಿಪ್ಪೆಯ ಬೆಂಕಿಯಿಂದ. ಏಣಿ ಹಾಕಿ ಫ್ರೇಮನ್ನು ಇಳಿಸಿದಾಗ ಅದರ ಮೇಲೆ ಬೆರಳು ಹೂಳುವಷ್ಟು ಮಸಿ ಕೂತಿತ್ತು. ಸೀಮೆಎಣ್ಣೆ ಬಟ್ಟೆಯಿಂದ ಒರಸಿದರೆ ಅಡಿಯಲ್ಲಿ ಹಸಿರು ಬಣ್ಣ, ಅದರ ಮೇಲೆ ಚಿನ್ನದ ಗೆರೆ, ಹ್ಯಾಂಡಲ್ಲಿನ ಕೆಳಗೆ ಹಿತ್ತಾಳೆಯ ಸೈಕಲ್ ಬಿಲ್ಲೆ ಎಲ್ಲವೂ ಇದ್ದವು. ತುಕ್ಕು ಇದ್ದದ್ದು ಸೀಟಿನ ಕೊರಳ ಬಳಿ ಒಂದಿಷ್ಟು ಮಾತ್ರ. ಸೌದೆ ಕೊಟ್ಟಿಗೆಯ ಗಾಲಿಗಳ ಕಥೆಯೇ ಬೇರೆ: ರಿಮ್ಮನ್ನು ಹೆಬ್ಬೆರಳಿನಿಂದ ಒತ್ತಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಒಂದೇ ಸೈಕಲ್ಲಿನ ಎರಡು ಭಾಗಗಳು ಹತ್ತು ಮಾರು ಅಂತರದಲ್ಲಿ ಇಷ್ಟು ಬೇರೆಯಾದದ್ದನ್ನು ಅಂದು ನಾನು ಅದೃಷ್ಟವೆಂದು ತಿಳಿದು ಸುಮ್ಮನಾದೆ. ಕಾರಣ ಹುಡುಕಿದ್ದರೆ ಮುಂದೆ ಒಂದು ಮಳೆಗಾಲದ ಶ್ರಮ ಉಳಿಯುತ್ತಿತ್ತು.

ಬಿಚ್ಚುವ ಕೆಲಸದಲ್ಲಿ ಮೊದಲ ಅಡ್ಡಿ ಕಾಟರ್ ಪಿನ್ನುಗಳದ್ದು. ಹಳೆಯ ಸೈಕಲ್ಲುಗಳಲ್ಲಿ ಪೆಡಲ್ ತೋಳನ್ನು ಅಚ್ಚಿಗೆ ಹಿಡಿದಿಡುವುದು ಒಂದು ಬದಿ ಇಳಿಜಾರಾಗಿ ಅರೆದ ಈ ಸಣ್ಣ ಬೆಣೆಯೇ. ನಟ್ಟನ್ನು ಪೂರ್ತಿ ಬಿಚ್ಚಿ ಸುತ್ತಿಗೆಯಿಂದ ಹೊಡೆದರೆ ಪಿನ್ನಿನ ತುದಿ ಅಣಬೆಯಂತೆ ಅರಳಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಆದ್ದರಿಂದ ನಟ್ಟನ್ನು ತುದಿಯ ಮಟ್ಟಕ್ಕೆ ಬಿಟ್ಟು, ತೋಳಿನ ಅಡಿಗೆ ನೆಲದಿಂದಲೇ ಒಂದು ದಪ್ಪ ಕಬ್ಬಿಣದ ಪೈಪಿನ ತುಂಡನ್ನು ಆನಿಸಿ, ಪಿನ್ನಿನ ತಲೆ ಪೈಪಿನ ಬಾಯೊಳಗೆ ಇಳಿಯುವಂತೆ ನಿಲ್ಲಿಸಿ, ಒಂದೇ ಭಾರಿ ಏಟು ಕೊಡಬೇಕು. ಹತ್ತು ಸಣ್ಣ ಏಟುಗಳು ಮಾಡದ ಕೆಲಸವನ್ನು ಒಂದು ದೊಡ್ಡ ಏಟು ಮಾಡುತ್ತದೆ. ಪೈಪಿನ ಆಸರೆ ಇಲ್ಲದಿದ್ದರೆ ಆ ಏಟೆಲ್ಲ ಒಳಗಿನ ಬೇರಿಂಗ್ ಗುಂಡುಗಳಿಗೂ ಅವು ಕೂರುವ ಬಟ್ಟಲಿನಂಥ ಕಪ್ಪುಗಳಿಗೂ ಬೀಳುತ್ತದೆ. ಎಡಗಡೆಯ ಪಿನ್ನು ಎರಡನೆಯ ಏಟಿಗೆ ಬಂತು. ಬಲಗಡೆಯದಕ್ಕೆ ಮೂರು ದಿನ ತುಕ್ಕು ಬಿಡಿಸುವ ಎಣ್ಣೆ ಕುಡಿಸಬೇಕಾಯಿತು.

ಅಚ್ಚಿನ ಕಪ್ಪುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಲಗಡೆಯ ಕಪ್ಪಿನ ಥ್ರೆಡ್ ಎಡಮುರಿ. ಎಲ್ಲ ನಟ್ಟುಗಳಂತೆ ಎಡಕ್ಕೆ ತಿರುಗಿಸಿದರೆ ಅದು ಇನ್ನಷ್ಟು ಬಿಗಿಯುತ್ತದೆ. ಎಡಗಾಲಿನ ಪೆಡಲೂ ಹಾಗೆಯೇ. ತುಳಿಯುವಾಗ ತಾನಾಗಿ ಸಡಿಲವಾಗದಿರಲಿ ಎಂದು ಮಾಡಿದ ಏರ್ಪಾಡು ಇದು. ಗೊತ್ತಿಲ್ಲದೆ ಮೈಭಾರ ಹಾಕಿ ಸ್ಪ್ಯಾನರ್ ಜಾರಿಸಿಕೊಂಡು ಬೆರಳಗಂಟು ಸುಲಿದುಕೊಂಡವರಲ್ಲಿ ನಾನೂ ಒಬ್ಬ. ಕೊನೆಗೆ ಬಲಗಡೆಯ ಕಪ್ಪನ್ನು ತೆಗೆಯುವ ಹಟ ಬಿಟ್ಟು, ಎಡಗಡೆಯಿಂದಲೇ ಬಟ್ಟೆ ತೂರಿಸಿ ಒರಸಿ, ಬ್ಯಾಟರಿ ಬೆಳಕಿನಲ್ಲಿ ನೋಡಿದೆ, ಗುಳಿ ಬಿದ್ದಿರಲಿಲ್ಲ. ಹೊರಬಂದ ಕಾಲಂಗುಲದ ಗುಂಡುಗಳನ್ನು ಎಣಿಸಿದಾಗ ಒಂದು ಬದಿಯಲ್ಲಿ ಹನ್ನೊಂದು, ಇನ್ನೊಂದು ಬದಿಯಲ್ಲಿ ಹತ್ತು ಇದ್ದವು. ಯಾವ ಕಾಲದಲ್ಲಿ ಯಾರ ಕೈಯಿಂದ ಆ ಒಂದು ಗುಂಡು ಉರುಳಿಹೋಗಿತ್ತೋ! ತಂದೆಯವರು ಆ ಕೊರತೆಯನ್ನು ಹೊತ್ತೇ ಎಷ್ಟೋ ವರ್ಷ ಕಲ್ಯಾಣಪುರದವರೆಗೆ ಹೋಗಿಬರುತ್ತಿದ್ದಿರಬೇಕು.

ತುಕ್ಕು ಹಿಡಿದ ಸಣ್ಣ ಭಾಗಗಳಿಗೆ, ಅಂದರೆ ಬ್ರೇಕಿನ ಸರಳುಗಳು, ನಟ್ಟುಗಳು, ಗಂಟೆಯ ಮುಚ್ಚಳ ಮುಂತಾದವುಗಳಿಗೆ, ಅಂಗಡಿಯ ದ್ರಾವಣವೇನೂ ಬೇಕಾಗಲಿಲ್ಲ. ಹಿತ್ತಿಲಿನ ಬಿಂಬುಳಿ ಮರದಲ್ಲಿ ಕಾಯಿ ನೆಲಕ್ಕೆ ಉದುರಿ ಕೊಳೆಯುತ್ತಿತ್ತು. ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ಧಾರಾಳವಾಗಿದೆ. ಹಿತ್ತಾಳೆ ಪಾತ್ರೆ ಬೆಳಗಲು ಅಜ್ಜಿಯಂದಿರು ಅದನ್ನು ಬಳಸುತ್ತಿದ್ದುದು ಆ ಕಾರಣಕ್ಕೇ. ಕಾಯಿಗಳನ್ನು ಜಜ್ಜಿ, ರಸಕ್ಕೆ ಅಷ್ಟೇ ನೀರು ಬೆರೆಸಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಂದು ರಾತ್ರಿ ಮುಳುಗಿಸಿಟ್ಟರೆ, ಮರುದಿನ ಹಲ್ಲುಜ್ಜುವ ಬ್ರಷ್ಷಿಗೆ ತುಕ್ಕು ಕೆಸರಿನಂತೆ ಬಿಟ್ಟುಬರುತ್ತದೆ. ಆದರೆ ಅಲ್ಲಿಗೆ ಕೆಲಸ ಮುಗಿಯಲಿಲ್ಲ. ಮೊದಲ ಸಲ ನಾನು ತೊಳೆದಿಟ್ಟು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಬಿಳಿಯಾಗಿದ್ದ ಕಬ್ಬಿಣದ ಮೇಲೆ ಹೊಸ ಕೆಂಪು ಹರಡಿತ್ತು. ಹುಳಿಯಿಂದ ತೆಗೆದೊಡನೆ ಸೋಡಾಪುಡಿಯ ನೀರಿನಲ್ಲಿ ಅದ್ದಿ, ಒಲೆಯ ಬಳಿ ಬಿಸಿಯಾಗಿ ಒಣಗಿಸಿ, ಕೈಸುಡುವಾಗಲೇ ಎಣ್ಣೆ ಹಚ್ಚಬೇಕು. ಗುಂಡುಗಳನ್ನೂ ಗಾಲಿಯ ಕಡ್ಡಿಗಳನ್ನೂ ಮಾತ್ರ ಹುಳಿಗೆ ಹಾಕಬಾರದು. ಗಟ್ಟಿ ಉಕ್ಕನ್ನು ಆಮ್ಲವು ಒಳಗಿನಿಂದ ಪೆಡಸಾಗಿಸುತ್ತದೆ. ಅವನ್ನು ಹೊಸತೇ ತರಬೇಕು, ಬೆಲೆಯೂ ಹೆಚ್ಚಿಲ್ಲ.

ಫ್ರೇಮಿನ ಹೊರಮೈಗಿಂತ ನನಗೆ ಒಳಗಿನ ಚಿಂತೆ ಹೆಚ್ಚಾಗಿತ್ತು. ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರಿನಲ್ಲಿ ಸೀಟಿನ ಕೊಳವೆಯಿಂದ ಇಳಿದ ನೀರು ಅಚ್ಚಿನ ಕೊಳವೆಯಲ್ಲಿ ನಿಂತು ಒಳಗಿನಿಂದಲೇ ತಿನ್ನುತ್ತದೆ. ಅದಕ್ಕೆ ಅಡಿಭಾಗದಲ್ಲಿ ಐದು ಮಿಲಿಮೀಟರಿನ ಒಂದು ತೂತು ಕೊರೆದೆ. ಬಡಗಿಗಳು ಮರಕ್ಕೆ ಬಳಸುವ ಲಿನ್ಸೀಡ್ ಎಣ್ಣೆಯನ್ನು ಕೊಳವೆಗಳೊಳಗೆ ಹೊಯ್ದು, ಫ್ರೇಮನ್ನು ಎಲ್ಲ ಬದಿಗೂ ಹೊರಳಿಸಿ, ಮಿಕ್ಕದ್ದನ್ನು ಬಸಿದೆ. ಅದು ಒಣಗಿ ತೆಳುವಾದ ಪದರವಾಗಿ ನಿಲ್ಲುತ್ತದೆ. ತೆಂಗಿನೆಣ್ಣೆ ಸಾಕಲ್ಲವೇ ಎಂದು ಮನೆಯಲ್ಲಿ ಕೇಳಿದರು. ತೆಂಗಿನೆಣ್ಣೆ ಒಣಗದು, ಕಾಲಕ್ರಮದಲ್ಲಿ ಕಮಟಿ ಅಂಟಾಗುತ್ತದೆ, ಇರುವೆಯನ್ನೂ ಕರೆಯುತ್ತದೆ. ಲಿನ್ಸೀಡ್ ಎಣ್ಣೆಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು: ಒರಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಅವು ಒಣಗುವಾಗ ತಾವಾಗಿ ಬಿಸಿಯೇರಿ ಬೆಂಕಿ ಹೊತ್ತಿಕೊಳ್ಳಬಹುದು. ಬಿಡಿಸಿ ಬೇಲಿಯ ಮೇಲೆ ಹರಡಬೇಕು, ಇಲ್ಲವೇ ನೀರಿನಲ್ಲಿ ನೆನೆಸಿಡಬೇಕು.

ಬಿಡಿಭಾಗಗಳು ಸಿಕ್ಕಾವೇ ಎಂಬ ಅಳುಕಿತ್ತು. 1951ರಲ್ಲಿ ಸೋನಿಪತ್‌ನಲ್ಲಿ ಆರಂಭವಾದ ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿದ ಸುದ್ದಿಯನ್ನು ಎಲ್ಲರೂ ಓದಿದ್ದೆವು. ಆದರೆ ಈ ಹಳೆಯ ಮಾದರಿಯ ಸೈಕಲ್ಲಿಗೆ ಕಂಪನಿಯ ಹಂಗಿಲ್ಲ. ಯಾವ ಹೆಸರಿನದಾದರೂ ಅಳತೆ ಬ್ರಿಟಿಷರ ಕಾಲದ್ದೇ. ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40 ಕಡ್ಡಿ, ಟಯರು 28 ಇಂಚಿಗೆ ಒಂದೂವರೆ ಇಂಚು, ಚೈನಿನ ಒಂದು ಕೊಂಡಿಗೆ ಅರ್ಧ ಇಂಚು. ಲುಧಿಯಾನದಿಂದ ಬರುವ ಭಾಗ ಯಾವುದನ್ನು ತಂದರೂ ಕೂರುತ್ತದೆ. ಉಡುಪಿ ಪೇಟೆಯಲ್ಲಿ ಗೇರಿನ ಸೈಕಲ್ಲುಗಳ ಹೊಳಪಿನ ಅಂಗಡಿಗಳಲ್ಲಿ ಕೇಳಿದಾಗ ನಕ್ಕರು. ಹಳೆಯ ಒಂದು ರಿಪೇರಿ ಅಂಗಡಿಯ ಯಜಮಾನರು ಮಾತ್ರ ಅಟ್ಟದಿಂದ ಗೋಣಿಚೀಲವನ್ನು ಇಳಿಸಿ, ಕೇಳಿದ್ದೆಲ್ಲವನ್ನೂ ಒಂದೊಂದಾಗಿ ಮುಂದಿಟ್ಟರು. ಗಾಲಿಯನ್ನು ತಾವೇ ಕಟ್ಟಿಕೊಡುವುದಾಗಿಯೂ ಹೇಳಿದರು. ನಾನೇ ಕಟ್ಟುತ್ತೇನೆ ಎಂದೆ. "ಹಾಗಾದರೆ ನಿಪ್ಪಲ್ ಹತ್ತು ಹೆಚ್ಚಿಗೆ ತೆಗೆದುಕೊಂಡು ಹೋಗಿ" ಎಂದಷ್ಟೇ ಅವರು ಹೇಳಿದರು. ಕಡ್ಡಿಯ ತುದಿಯನ್ನು ರಿಮ್ಮಿಗೆ ಬಿಗಿಯುವ ಸಣ್ಣ ನಟ್ಟೇ ನಿಪ್ಪಲ್.

ಗಾಲಿ ಕಟ್ಟುವುದು ಪುಸ್ತಕದ ಲೆಕ್ಕದಲ್ಲಿ ಸುಲಭ. ನಲವತ್ತು ಕಡ್ಡಿಗಳನ್ನು ಹತ್ತರಂತೆ ನಾಲ್ಕು ಪಾಲು ಮಾಡಬೇಕು. ಗಾಲಿಯ ನಡುವಿನ ಗುಂಬವಾದ ಹಬ್ಬಿನ ಒಂದೊಂದು ತಟ್ಟೆಗೆ ಇಪ್ಪತ್ತು; ಅವುಗಳಲ್ಲಿ ಹತ್ತರ ತಲೆ ಹೊರಕ್ಕೆ, ಹತ್ತರದು ಒಳಕ್ಕೆ. ಮೊದಲ ಹತ್ತನ್ನು ಹಬ್ಬಿನಲ್ಲಿ ಒಂದು ಬಿಟ್ಟು ಒಂದು ತೂತಿನಿಂದ, ರಿಮ್ಮಿನಲ್ಲಿ ನಾಲ್ಕಕ್ಕೊಂದು ತೂತಿಗೆ ಕಟ್ಟಿ, ಮುಂದಿನವನ್ನು ಎದುರು ದಿಕ್ಕಿಗೆ ಓರೆಯಾಗಿಸುತ್ತ ಹೋದರೆ, ಪ್ರತಿಯೊಂದು ಕಡ್ಡಿಯೂ ತನ್ನ ಬದಿಯ ನಾಲ್ಕು ಕಡ್ಡಿಗಳನ್ನು ದಾಟುತ್ತದೆ. ಕೊನೆಯ ದಾಟಿನಲ್ಲಿ ಚಾಪೆಯ ಹೆಣಿಗೆಯಂತೆ ಒಂದರಡಿ ಇನ್ನೊಂದು ನುಸುಳುತ್ತದೆ. ಎರಡು ಸಂಜೆ ಜಗಲಿಯಲ್ಲಿ ಕೂತು ಹಿಂದಿನ ಗಾಲಿಯನ್ನು ಕಟ್ಟಿ ಮುಗಿಸಿ, ನಿಪ್ಪಲುಗಳನ್ನೆಲ್ಲ ಬಿಗಿದು, ರಿಮ್ಮಿನ ಮೇಲೆ ಚಾಚಿಕೊಂಡಿದ್ದ ಕಡ್ಡಿಯ ತುದಿಗಳನ್ನು ಟ್ಯೂಬಿಗೆ ಚುಚ್ಚದಂತೆ ಅರದಿಂದ ಉಜ್ಜಿ, ಟಯರನ್ನೂ ಏರಿಸಿದೆ. ಗಾಳಿ ಹೊಡೆಯಲು ಪಂಪನ್ನು ಹಿಡಿದಾಗ ಅದು ವಾಲ್ವಿನ ಬಳಿಗೆ ಹೋಗಲೇ ಇಲ್ಲ. ವಾಲ್ವಿನ ತೂತಿನ ಇಕ್ಕೆಲದ ಕಡ್ಡಿಗಳು ಒಂದಕ್ಕೊಂದು ಸಮಾಂತರವಾಗಿರಬೇಕಾದಲ್ಲಿ, ನನ್ನ ಗಾಲಿಯಲ್ಲಿ ಅವು ಸರಿಯಾಗಿ ವಾಲ್ವಿನ ತಲೆಯ ಮೇಲೆಯೇ ಕತ್ತರಿ ಹಾಕಿಕೊಂಡಿದ್ದವು. ಮೊದಲ ಕಡ್ಡಿಯನ್ನು ಒಂದು ತೂತು ಆಚೆ ಹಾಕಿದ್ದರ ಫಲ ಅದು. ನಲವತ್ತನ್ನೂ ಬಿಚ್ಚಿದೆ. ಹೆಚ್ಚಿಗೆ ಕೊಂಡಿದ್ದ ಹತ್ತು ನಿಪ್ಪಲುಗಳಲ್ಲಿ ಆರು ಆ ರಾತ್ರಿಯೇ ಖರ್ಚಾದವು.

ಎರಡನೆಯ ಸಲ ವಾಲ್ವಿನ ತೂತಿನ ಪಕ್ಕದಿಂದಲೇ ಶುರುಮಾಡಿ, ಅಲ್ಲಿಗೆ ಕೆಂಪು ದಾರ ಕಟ್ಟಿಕೊಂಡೆ. ಬೆಂಡ್ ತೆಗೆಯುವುದಕ್ಕೆ ಪ್ರತ್ಯೇಕ ಸ್ಟ್ಯಾಂಡು ಇರಲಿಲ್ಲ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಫ್ರೇಮಿಗೆ ಒಂದು ಗಟ್ಟಿ ತಂತಿಯನ್ನು ಸುತ್ತಿ, ಅದರ ತುದಿ ರಿಮ್ಮಿಗೆ ಕೂದಲೆಳೆಯಷ್ಟು ದೂರದಲ್ಲಿರುವಂತೆ ಬಗ್ಗಿಸಿದೆ. ಗಾಲಿಯನ್ನು ಮೆಲ್ಲಗೆ ತಿರುಗಿಸಿದಾಗ ತಂತಿಗೆ ತಾಗಿ ಸರ್ರೆನ್ನುವ ಕಡೆ ಎದುರು ಬದಿಯ ಕಡ್ಡಿಯನ್ನು ಕಾಲು ಸುತ್ತು ಬಿಗಿಯಬೇಕು, ಇದೇ ಬದಿಯದನ್ನು ಕಾಲು ಸುತ್ತು ಸಡಿಲಿಸಬೇಕು. ಆತುರಪಟ್ಟು ಅರ್ಧ ಸುತ್ತು ತಿರುಗಿಸಿದರೆ ಓರೆ ಇನ್ನೊಂದು ಕಡೆಗೆ ಓಡುತ್ತದೆ. ಕಡ್ಡಿಗಳನ್ನು ಬೆರಳಿನಿಂದ ಮೀಟಿದರೆ ಬಿಗಿಯಾದದ್ದು ಮೇಲಿನ ಸ್ವರದಲ್ಲಿಯೂ ಸಡಿಲವಾದದ್ದು ಮಂದ್ರದಲ್ಲಿಯೂ ನುಡಿಯುತ್ತದೆ. ನನ್ನ ಕಣ್ಣಿಗಿಂತ ಸಂಗೀತ ಕಲಿತ ಮಗಳ ಕಿವಿ ಈ ಕೆಲಸದಲ್ಲಿ ಹೆಚ್ಚು ನೆರವಾಯಿತು. ನಾಲ್ಕನೆಯ ದಿನದ ಹೊತ್ತಿಗೆ ಗಾಲಿ ಒಂದು ಮಿಲಿಮೀಟರಿಗಿಂತ ಹೆಚ್ಚು ಅಲ್ಲಾಡದೆ ತಿರುಗಿತು. ಮುಂದಿನ ಗಾಲಿ ಅರ್ಧ ದಿನದಲ್ಲಿ ಮುಗಿಯಿತು.

ಜೋಡಣೆಯ ಕೊನೆಗೆ ಇನ್ನೊಂದು ಪೆಟ್ಟು ತಿಂದೆ. ಹೊಸ ಕಾಟರ್ ಪಿನ್ನುಗಳನ್ನು ಹಾಕಿ ಸೈಕಲ್ಲನ್ನೇರಿದರೆ ತುಳಿತ ಕುಂಟುತ್ತಿತ್ತು. ಇಳಿದು ನೋಡಿದರೆ ಪೆಡಲ್ ತೋಳುಗಳೆರಡೂ ಒಂದೇ ಗೆರೆಯಲ್ಲಿ ಇರಲಿಲ್ಲ. ಎರಡು ಪಿನ್ನುಗಳನ್ನು ಒಂದಕ್ಕೊಂದು ವಿರುದ್ಧ ದಿಕ್ಕಿನಿಂದ ಹೊಡೆಯಬೇಕು. ಒಂದರ ನಟ್ಟು ಮೇಲಕ್ಕಿದ್ದರೆ ಇನ್ನೊಂದರದು ಕೆಳಕ್ಕಿರಬೇಕು. ನಾನು ಎರಡನ್ನೂ ಚೆಂದಕ್ಕೆಂದು ಒಂದೇ ಕಡೆಯಿಂದ ತೂರಿಸಿದ್ದೆ. ಅದನ್ನು ಸರಿಪಡಿಸಿ, ಅಂಬಲಪಾಡಿಯಿಂದ ಹೊರಟು ಮಣಿಪಾಲಕ್ಕೆ ತಳ್ಳಿಕೊಂಡೇ ಏರಿ, ಇಂದ್ರಾಳಿಯ ಇಳಿಜಾರಿನಲ್ಲಿ ಸೈಕಲ್ಲೇರಿ ಇಳಿದು ಬಂದೆ. ಒಣ ರಸ್ತೆಯಲ್ಲಿ ಸರಳಿನ ಬ್ರೇಕು ಹೇಳಿದ ಮಾತು ಕೇಳಿತು. ಒಂದು ವಾರದ ಬಳಿಕ ತುಂತುರು ಮಳೆಯಲ್ಲಿ ಅದೇ ಇಳಿಜಾರಿನಲ್ಲಿ ಎರಡು ಬ್ರೇಕನ್ನೂ ಪೂರ್ತಿ ಎಳೆದರೂ ಸೈಕಲ್ಲು ತನ್ನಿಷ್ಟದಂತೆ ಹೋಗಿ, ರೈಲ್ವೆ ಸೇತುವೆಯ ಬಳಿ ತಾನಾಗಿ ನಿಂತಿತು. ಕ್ರೋಮ್ ಲೇಪದ ಉಕ್ಕಿನ ರಿಮ್ಮು ಒದ್ದೆಯಾದರೆ ರಬ್ಬರಿಗೆ ಹಿಡಿತ ಸಿಗುವುದಿಲ್ಲ. ಇದು ಈ ಜಾತಿಯ ಸೈಕಲ್ಲಿನ ಹುಟ್ಟುಗುಣ, ರಿಪೇರಿಯಿಂದ ಹೋಗುವಂಥದ್ದಲ್ಲ. ಮಳೆಗಾಲದಲ್ಲಿ ಅದನ್ನು ಮಣಿಪಾಲಕ್ಕೆ ಒಯ್ಯುವುದಿಲ್ಲವೆಂದು ಅಂದೇ ತೀರ್ಮಾನಿಸಿದೆ.

ಇನ್ನು ಶೆಡ್ಡು. ಇಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ಮತ್ತೊಬ್ಬನಿಗೆ ಒಪ್ಪಿಸುವ ಮನಸ್ಸು ನನಗಿರಲಿಲ್ಲ. ಆ ಹಟವೇ ಮುಂದೆ ನನ್ನನ್ನು ದಾರಿ ತಪ್ಪಿಸಿತೆಂದು ಈಗ ಅನ್ನಿಸುತ್ತದೆ. ಬಾಗಿಲಿನಿಂದ ಆರಂಭಿಸಿದೆ. ಚಿಲಕದ ಪಟ್ಟಿಗೆ ಸ್ಕ್ರೂಗಳ ಬದಲು ಹೊರಗೆ ಬರಿಯ ಗುಂಡುತಲೆ ಮಾತ್ರ ಕಾಣುವ ಬೋಲ್ಟುಗಳನ್ನು ಆರುಪಾರಾಗಿ ಹಾಕಿ, ಒಳಗಡೆ ಕಬ್ಬಿಣದ ತಗಡನ್ನಿಟ್ಟು ನಟ್ಟು ಬಿಗಿದು, ಬೋಲ್ಟಿನ ತುದಿಯನ್ನು ಸುತ್ತಿಗೆಯಿಂದ ಅರಳಿಸಿದೆ. ಬಾಗಿಲು ಹೊರಕ್ಕೆ ತೆರೆಯುವಂಥದ್ದಾದ್ದರಿಂದ ತಿರುಗಣಿಯ ಪಿನ್ನುಗಳೂ ಹೊರಗೇ ಇದ್ದವು. ಅವನ್ನು ಕಿತ್ತರೆ ಬೀಗವಿರುವ ಬದಿಯನ್ನು ಮುಟ್ಟದೆಯೇ ಬಾಗಿಲನ್ನು ಕಳಚಬಹುದು. ಬಾಗಿಲಿನ ಅಂಚಿಗೆ ಎರಡು ಗಟ್ಟಿ ಮೊಳೆಗಳನ್ನು ಕೂರಿಸಿ, ಮುಚ್ಚಿದಾಗ ಅವು ದಾರಂದದ ತೂತುಗಳೊಳಗೆ ಹೋಗುವಂತೆ ಮಾಡಿದೆ. ಈಗ ಪಿನ್ನು ಕಿತ್ತರೂ ಬಾಗಿಲು ಅಲುಗದು.

ಸೈಕಲ್ಲನ್ನು ಕಟ್ಟಿಹಾಕಲು ಗೋಡೆಗೆ ಒಂದು ಕೊಂಡಿ ಬೇಕಿತ್ತು. ನಮ್ಮ ಕಡೆಯ ಗೋಡೆಗಳೆಲ್ಲ ಮುರಕಲ್ಲಿನವು. ಆ್ಯಂಕರ್ ಬೋಲ್ಟು ತೂತಿನೊಳಗೆ ಹಿಗ್ಗಿ ಸುತ್ತಲಿನ ಕಲ್ಲನ್ನು ಒತ್ತಿ ಹಿಡಿಯುವ ಸಾಧನ. ಕಾಂಕ್ರೀಟಿಗೂ ಕರಿಗಲ್ಲಿಗೂ ಅದು ಸರಿ. ಮುರಕಲ್ಲು ತೂತು ತೂತಾದ, ಮೆದು ಕಲ್ಲು. ಬಿಗಿಯುತ್ತ ಹೋದಂತೆ ಅದು ಹಿಡಿಯುವ ಬದಲು ಪುಡಿಯಾಗುತ್ತ ಹೋಗಿ, ಕೊನೆಗೆ ನಾನು ಕೈಯಿಂದಲೇ ಎಳೆದಾಗ ಬೋಲ್ಟು ಒಂದು ಬೊಗಸೆ ಕೆಂಪು ಹುಡಿಯೊಂದಿಗೆ ಹೊರಬಂತು. ಆದ್ದರಿಂದ ನೆಲದಲ್ಲಿ ಒಂದಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿ ತೋಡಿ, 16 ಮಿಲಿಮೀಟರಿನ ಸರಳನ್ನು ಬಿಲ್ಲಿನಂತೆ ಬಗ್ಗಿಸಿ, ಅದರ ಕಾಲುಗಳನ್ನು ಅಡಿಯಲ್ಲಿ ಹೊರಕ್ಕೆ ಮಡಚಿ, ಒಂದು ಸಿಮೆಂಟಿಗೆ ಎರಡು ಮರಳು, ನಾಲ್ಕು ಜಲ್ಲಿಯ ಲೆಕ್ಕದಲ್ಲಿ ಕಾಂಕ್ರೀಟು ತುಂಬಿಸಿದೆ. ಬಗ್ಗಿಸುವ ಮೊದಲು ಸರಳಿಗೆ ಒಂದು ಸಡಿಲವಾದ ಪೈಪಿನ ತುಂಡನ್ನು ಪೋಣಿಸಿದ್ದೆ. ಹ್ಯಾಕ್ಸಾ ಇಟ್ಟು ಕೊಯ್ಯಲು ಹೋದರೆ ಪೈಪು ಬ್ಲೇಡಿನೊಂದಿಗೆ ತಾನೂ ಉರುಳುತ್ತದೆ, ಕೊಯ್ತ ಸಾಗುವುದಿಲ್ಲ. ಒಂದು ವಾರ ನೀರು ಹಾಕಿ ಕಾಂಕ್ರೀಟನ್ನು ನೆನೆಸಬೇಕೆಂದು ಮೇಸ್ತ್ರಿ ಹೇಳಿದ್ದರು. ಶೆಡ್ಡಿನ ಸೋರುವ ಮಾಡು (ಛಾವಣಿ) ಆ ಕೆಲಸವನ್ನು ಪುಕ್ಕಟೆಯಾಗಿ ಮಾಡಿತು.

ಸರಪಳಿಯ ವಿಷಯದಲ್ಲಿ ನನಗೆ ಮಲ್ಪೆಯ ನೆನಪಾಯಿತು. ಬಂದರಿನ ಬಳಿ ದೋಣಿಯ ಸಾಮಾನು ಮಾರುವಲ್ಲಿ ಸತುವಿನ ಲೇಪವಿರುವ ಎಂಟು ಮಿಲಿಮೀಟರಿನ ಸರಪಳಿಯನ್ನು ತೂಕದ ಲೆಕ್ಕದಲ್ಲಿ ಕೊಡುತ್ತಾರೆ, ಉಪ್ಪುನೀರಿಗೂ ಅದು ಜಗ್ಗದು. ತಂದು ಹೆಮ್ಮೆಯಿಂದ ತೋರಿಸಿದಾಗ, ಕಟ್ಟಡದ ಗುತ್ತಿಗೆ ಮಾಡುವ ಗೆಳೆಯರೊಬ್ಬರು ತಮ್ಮ ಮೂರಡಿಯ ಬೋಲ್ಟ್ ಕಟರನ್ನು ತಂದರು. ಮೊದಲಿಗೆ ನನ್ನ ಹಳೆಯ ಪ್ಲಾಸ್ಟಿಕ್ ಹೊದಿಕೆಯ ಕೇಬಲ್ ಬೀಗವನ್ನು ಹಿಡಿದರು; ದಾರ ಕತ್ತರಿಸಿದಂತೆ ತುಂಡಾಯಿತು. ದೋಣಿಯ ಸರಪಳಿಗೆ ಕಟರಿನ ಒಂದು ಹಿಡಿಯನ್ನು ನೆಲಕ್ಕಾನಿಸಿ, ಇನ್ನೊಂದರ ಮೇಲೆ ಮೈಭಾರ ಬಿಟ್ಟರು. ಟಪ್ಪೆಂದಿತು. ದೋಣಿಗೆ ಬೇಕಾದ್ದು ಎಳೆತಕ್ಕೆ ತಾಳುವ, ಬಾಗುವ ಗುಣ. ಕಳ್ಳನಿಗೆ ಎದುರು ಬೇಕಾದ್ದು ಕಾಯಿಸಿ ಗಟ್ಟಿಗೊಳಿಸಿದ ಉಕ್ಕು. ಕೊನೆಗೆ ತರಿಸಿದ ಹತ್ತು ಮಿಲಿಮೀಟರಿನ ಚೌಕ ಕೊಂಡಿಗಳ ಗಟ್ಟಿ ಸರಪಳಿಯ ಮೇಲೆ ಅದೇ ಕಟರನ್ನು ಪ್ರಯೋಗಿಸಿದಾಗ ಕಟರಿನ ಬಾಯಲ್ಲೇ ಕಚ್ಚು ಬಿತ್ತು. ಗೆಳೆಯರ ಮುಖ ಸಪ್ಪಗಾಯಿತು. ಹೊಸ ಬಾಯಿಯನ್ನು ನಾನೇ ಕೊಡಿಸಿದೆ. ವಿದ್ಯುತ್ ಗ್ರೈಂಡರು ಇದನ್ನೂ ಕೊಯ್ಯುತ್ತದೆ, ಆದರೆ ಆ ಸದ್ದಿಗೆ ಆಟಿಯ ಮಳೆಯಲ್ಲಿಯೂ ಮನೆಯವರಿಗೆ ಎಚ್ಚರವಾದೀತು. ನೆಲಕ್ಕೆ ಆನಿಸುವ ಆ ಉಪಾಯವನ್ನು ಕಂಡ ಮೇಲೆ, ಸರಪಳಿ ನೆಲದ ಮೇಲೆ ಬಿದ್ದಿರದಂತೆ, ಫ್ರೇಮಿಗೂ ಹಿಂದಿನ ಗಾಲಿಗೂ ಸುತ್ತಿ ಎಳೆದು ಬೀಗ ಹಾಕುವುದನ್ನು ರೂಢಿಸಿಕೊಂಡೆ.

ಮಾಡು ಉಳಿಯಿತು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಈ ಕರಾವಳಿಯನ್ನೆಲ್ಲ ಹೊದಿಸಿದ ಹಂಚಿಗೆ ಒಂದು ದೊಡ್ಡ ಗುಣವಿದೆ: ಒಡೆದ ಒಂದನ್ನು ಉಳಿದವುಗಳಿಗೆ ನೋವಾಗದಂತೆ ಮೆಲ್ಲನೆ ಎತ್ತಿ ಬದಲಾಯಿಸಬಹುದು. ಈ ಸೌಲಭ್ಯ ಕಳ್ಳನಿಗೂ ಅಷ್ಟೇ ಒದಗುತ್ತದೆ. ಹಂಚು ಸರಿಸಿ ಇಳಿದವರ ಕಥೆಯಿಲ್ಲದ ಊರು ನಮ್ಮಲ್ಲಿಲ್ಲ. ಪಕ್ಕಾಸುಗಳ ಅಡಿಗೆ ಬೆಸುಗೆಯ ಕಬ್ಬಿಣದ ಬಲೆಯನ್ನು ಹೊಡೆಸಿದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಸರಿಹೋಗುತ್ತಿತ್ತು. ಒಳಗೇನಿದೆ ಎಂಬುದು ಹೊರಗಿನವರಿಗೆ ಕಾಣಬಾರದೆಂದು ಎರಡು ಜಾಲರಿ ಕಿಟಕಿಗಳಿಗೆ ಹಲಗೆ ಬಡಿದು, ಸಂದುಗಳಿಗೆ ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಿ, ಬಾಗಿಲಿನ ಅಡಿಯ ಬೆರಳಗಲದ ಎಡೆಗೂ ರಬ್ಬರು ಪಟ್ಟಿ ಹಾಕಿದೆ. ಮರುವರ್ಷದ ಜೂನಿನಲ್ಲಿ ಮಳೆ ಹಿಡಿಯಿತು. ಹತ್ತು ಹದಿನೈದು ದಿನ ನನಗೆ ಜ್ವರವಿದ್ದುದರಿಂದ ಸೈಕಲ್ಲನ್ನು ಮುಟ್ಟಿರಲಿಲ್ಲ. ಬಾಗಿಲು ತೆರೆದಾಗ ಹಳೆಯ ಬಾವಿಯ ವಾಸನೆ ಬಂತು. ಚರ್ಮದ ಸೀಟಿನ ಮೇಲೆ ಬಿಳಿಯ ಬೂಷ್ಟು ಹತ್ತಿಯಂತೆ ಬೆಳೆದಿತ್ತು. ಚೈನು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ನಾನು ನಾಲ್ಕು ದಿನ ಕೂತು ನೇರ್ಪಡಿಸಿದ ಹೊಸ ರಿಮ್ಮಿನ ಮೇಲೆ ಸಾಸಿವೆ ಚೆಲ್ಲಿದಂತೆ ತುಕ್ಕಿನ ಚುಕ್ಕೆಗಳಿದ್ದವು. ಕಳ್ಳ ಬಂದಿರಲಿಲ್ಲ, ಬೀಗಗಳೆಲ್ಲ ಸರಿಯಾಗಿದ್ದವು.

ಅಂದು ಬಚ್ಚಲಿನಲ್ಲಿ ಕೈತೊಳೆಯುವಾಗ ಅಟ್ಟದ ಕಡೆ ಕಣ್ಣು ಹೋಯಿತು. ಫ್ರೇಮು ಇಪ್ಪತ್ತೆರಡು ವರ್ಷ ಬಣ್ಣ ಮಾಸದೆ ಉಳಿದದ್ದು ಅಲ್ಲೇ. ಆ ಕೊಟ್ಟಿಗೆಗೆ ಸರಿಯಾದ ಬಾಗಿಲೂ ಇಲ್ಲ. ಗೋಡೆಗೂ ಮಾಡಿಗೂ ನಡುವೆ ಒಂದಡಿ ಬಯಲು, ಕೆಳಗೆ ದಿನಕ್ಕೆರಡು ಹೊತ್ತು ಬೆಂಕಿ. ಗಾಳಿ ಹಿಡಿದಿಡಬಲ್ಲ ತೇವದ ಪ್ರಮಾಣ ಶಾಖದೊಂದಿಗೆ ಏರುತ್ತದೆ: 25 ಡಿಗ್ರಿಯಲ್ಲಿ ನೂರಕ್ಕೆ 95ರಷ್ಟು ತೇವ ತುಂಬಿದ ಗಾಳಿಯನ್ನು 30 ಡಿಗ್ರಿಗೆ ಏರಿಸಿದರೆ, ಒಂದು ಹನಿಯನ್ನೂ ತೆಗೆಯದೆಯೇ ಅದು ಸುಮಾರು 70ಕ್ಕೆ ಇಳಿಯುತ್ತದೆ. ಹಂಡೆ ಒಲೆ ಅಷ್ಟನ್ನು ತಾನಾಗಿ ಮಾಡುತ್ತಿತ್ತು, ತೆರೆದ ಎಡೆಗಳು ಆವಿಯನ್ನು ಹೊರಗೊಯ್ಯುತ್ತಿದ್ದವು. ನನ್ನ ಶೆಡ್ಡಿನಲ್ಲಾದರೋ ಮುರಕಲ್ಲಿನ ಗೋಡೆ ಹೀರಿದ ನೀರು, ಮಣ್ಣಿನ ನೆಲದಿಂದೇಳುವ ಆವಿ, ಒದ್ದೆ ಗಾಲಿಯಿಂದ ಇಳಿದ ಹನಿ ಯಾವುದಕ್ಕೂ ಹೊರದಾರಿಯಿರಲಿಲ್ಲ. ಅದಕ್ಕೆ ಸಮುದ್ರದ ಉಪ್ಪು ಸೇರಿದರೆ ಕೇಳುವುದೇ ಬೇಡ. ಲೋಹದ ಮೇಲೆ ಕೂತ ಉಪ್ಪು ಗಾಳಿಯ ತೇವವನ್ನು ತನ್ನೆಡೆಗೆ ಎಳೆದುಕೊಳ್ಳುತ್ತಲೇ ಇರುತ್ತದೆ.

ಹಲಗೆಗಳನ್ನು ಕಿತ್ತೆ. ಕಿಟಕಿಗಳಿಗೆ ಸರಳಿನ ಗ್ರಿಲ್ಲು ಹಾಕಿಸಿ, ಅದರ ಒಳಗೆ ಓರೆ ಪಟ್ಟಿಗಳ ಮರದ ಚೌಕಟ್ಟನ್ನು ಇಟ್ಟಿದ್ದೇನೆ. ಹೊರಗಿನವರಿಗೆ ನೆಲ ಮಾತ್ರ ಕಾಣುತ್ತದೆ, ಗಾಳಿಗೆ ತಡೆಯಿಲ್ಲ. ಎದುರು ಗೋಡೆಯಲ್ಲಿ ಮಾಡಿಗೆ ತಾಗಿ ಎರಡು ಕಲ್ಲುಗಳನ್ನು ತೆಗೆಸಿ ಅಲ್ಲಿಗೂ ಸರಳು ಕೂರಿಸಿದೆ, ಕೆಳಗಿನಿಂದ ಬಂದ ಗಾಳಿ ಮೇಲಿನಿಂದ ಹೋಗಲೆಂದು. ಸೈಕಲ್ಲು ಈಗ ಮಣ್ಣಿನ ಮೇಲಲ್ಲ, ನಾಲ್ಕಿಂಚು ಎತ್ತರದ ಹಲಗೆಯ ಮೇಲೆ ನಿಲ್ಲುತ್ತದೆ. ಕಡಲ ತೀರದ ಪಡುಕೆರೆಯ ಕಡೆ ಹೋಗಿಬಂದ ದಿನ ಸಿಹಿನೀರಿನಿಂದ ತೊಳೆದು ಒರಸದೆ ಒಳಗಿಡುವುದಿಲ್ಲ. ಚೈನಿಗೆ ಮಳೆಗಾಲದಲ್ಲಿ ವಾರಕ್ಕೊಮ್ಮೆ ಎಣ್ಣೆ ಹಾಕಿ, ಹೊರಗಿನ ಜಿಡ್ಡನ್ನು ಒರಸುತ್ತೇನೆ. ಹೊರಗೆ ಉಳಿದ ಎಣ್ಣೆ ಮರಳನ್ನು ಹಿಡಿದು ಅರದಂತೆ ಉಜ್ಜುತ್ತದೆ. ವರ್ಷಕ್ಕೊಮ್ಮೆ ಅಡಿಪಟ್ಟಿ ಇಟ್ಟು ಅಳೆಯುತ್ತೇನೆ: ಇಪ್ಪತ್ತನಾಲ್ಕು ಕೊಂಡಿಗಳ ಉದ್ದ ಹನ್ನೆರಡು ಇಂಚು ಇರಬೇಕು, ಒಂದು ಇಂಚಿನ ಹದಿನಾರನೇ ಒಂದು ಪಾಲು ಮೀರಿದರೆ ಚೈನು ಬದಲಾಯಿಸಬೇಕು, ಇಲ್ಲದಿದ್ದರೆ ಅದು ಹಲ್ಲುಗಳನ್ನೂ ತಿನ್ನುತ್ತದೆ.

ಆ ಮಳೆಗಾಲದಲ್ಲಿ ರಿಮ್ಮಿಗೆ ಬಿದ್ದ ಚುಕ್ಕೆಗಳು ಪೂರ್ತಿ ಹೋಗಿಲ್ಲ. ಅಲ್ಯೂಮಿನಿಯಂ ಹಾಳೆಯನ್ನು ಮುದ್ದೆ ಮಾಡಿ ನೀರು ಮುಟ್ಟಿಸಿ ಉಜ್ಜಿದರೆ ಕ್ರೋಮು ಬಹುಮಟ್ಟಿಗೆ ಬೆಳಗಿತು, ವಾಲ್ವಿನ ಬಳಿಯ ನಾಲ್ಕೈದು ಉಳಿದವು. ಫ್ರೇಮಿನ ಸಂಖ್ಯೆಯನ್ನು ಬರೆದು, ಚಿತ್ರ ತೆಗೆದು, ಮನೆಯ ದಾಖಲೆಗಳ ಜೊತೆ ಇಟ್ಟಿದ್ದೇನೆ. ಹೆಸರೂ ದೂರವಾಣಿಯೂ ಇರುವ ಒಂದು ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೀಟಿನ ಕೊಳವೆಯೊಳಗೂ ಇಳಿಸಿದ್ದೇನೆ. ತಂದೆಯವರ ಹಿತ್ತಾಳೆ ಬಿಲ್ಲೆಯನ್ನು ಬಿಂಬುಳಿಯಲ್ಲಿ ಉಜ್ಜಿ ಅದೇ ಜಾಗದಲ್ಲಿ ಕಟ್ಟಿದೆ. ಮುರಕಲ್ಲಿನ ಗೋಡೆಯಲ್ಲಿ ಆ್ಯಂಕರ್ ಬೋಲ್ಟು ಕಿತ್ತುಬಂದ ತೂತಿಗೆ ಹಲಸಿನ ಮರದ ಒಂದು ಗೂಟವನ್ನು ಹೊಡೆದಿದ್ದೇನೆ. ಸರಪಳಿಯ ಎಳೆತವನ್ನು ಅದು ತಾಳದು, ಗಾಳಿ ಪಂಪಿನ ಭಾರವನ್ನು ತಾಳುತ್ತದೆ.